ಎಂಟರಿಂದ ಹದಿನೆಂಟಕ್ಕೆ: ಮದುವೆಯ ವಯಸ್ಸಿನ ಕಥೆ

ಯುವಜನರ ಸಮಸ್ಯೆಗಳು ಎಂದಕೂಡಲೇ ನಮ್ಮ ಚರ್ಚೆಗಳು ನಿರುದ್ಯೋಗ, ಮಾದಕ ವಸ್ತು, ಸಿನಿಮಾ, ಮೊಬೈಲ್ ಎಂದು ಹೊರಟುಬಿಡುತ್ತವೆ. ಇವುಗಳೆಲ್ಲಕ್ಕಿಂತ ಹಳೆಯದಾದ, ಇಂದಿಗೂ ತೀರದ ಪ್ರಶ್ನೆಯೊಂದು ಮನೆಯೊಳಗೇ ಇದೆ. ಹೆಣ್ಣುಮಗಳ ಮದುವೆ ಯಾವಾಗ ಆಗಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬುದೇ ಆ ಪ್ರಶ್ನೆ. ಓದುಗರೇ, ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ ಒಮ್ಮೆ ಪಕ್ಕದಲ್ಲಿ ಕುಳಿತು ಕೇಳಿ: "ಅಜ್ಜಿ, ನಿಮಗೆ ಮದುವೆಯಾದಾಗ ಎಷ್ಟು ವರ್ಷ?" ಅನೇಕರು ವರ್ಷದ ಲೆಕ್ಕ ಹೇಳಲಾರರು. "ಮೈನೆರೆದು ವರ್ಷವಾಗಿತ್ತು" ಎಂದೋ, "ಆಗ ನಾನಿನ್ನೂ ಕುಂಟೆಬಿಲ್ಲೆ ಆಡುತ್ತಿದ್ದೆ" ಎಂದೋ ಹೇಳಿಯಾರು. "ನಿಮ್ಮನ್ನು ಯಾರಾದರೂ ಒಪ್ಪಿಗೆ ಕೇಳಿದರೇ?" ಎಂಬ ಎರಡನೆಯ ಪ್ರಶ್ನೆಗೆ ಅವರು ನಕ್ಕರೂ ನಗಬಹುದು.

ಈ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ನಮ್ಮ ನಾಡಿನಲ್ಲಿ ನೂರಮೂವತ್ತು ವರ್ಷಗಳಿಗೂ ಮಿಕ್ಕಿದ ಕಾನೂನಿನ ಇತಿಹಾಸವಿದೆ. ಎರಡನೆಯದಕ್ಕೆ ಅಷ್ಟು ಇತಿಹಾಸವಿಲ್ಲ. ಹೇಗೆ ಎಂಬುದನ್ನು ನೋಡೋಣ.

1887ನೆಯ ಇಸವಿಯನ್ನು ನೆನಪಿಟ್ಟುಕೊಳ್ಳಿ. ಆ ವರ್ಷ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡದ ಸೂರಿ ವೆಂಕಟರಮಣ ಶಾಸ್ತ್ರಿಗಳು 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ' ಎಂಬ ನಾಟಕವನ್ನು ಪ್ರಕಟಿಸಿದರು. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ಇದನ್ನು ಗುರುತಿಸುತ್ತಾರೆ. ಇದರ ವಸ್ತು ಕನ್ಯಾವಿಕ್ರಯ. ವಯಸ್ಸಾದ ಗಂಡಸು ಹಣ ಕೊಟ್ಟು ಎಳೆಯ ಹುಡುಗಿಯನ್ನು ಮದುವೆಯಾಗುವ ಪದ್ಧತಿಯನ್ನು ಶಾಸ್ತ್ರಿಗಳು ಹವ್ಯಕರ ಆಡುಮಾತಿನಲ್ಲೇ ಗೇಲಿ ಮಾಡಿದರು. ಇಂದು ವರದಕ್ಷಿಣೆ ನಮ್ಮ ಸನಾತನ ಪದ್ಧತಿ ಎಂಬಂತೆ ಮಾತನಾಡುವವರು ಇದನ್ನು ಗಮನಿಸಬೇಕು. ಅಂದು ಎಷ್ಟೋ ಸಮುದಾಯಗಳಲ್ಲಿ ಹಣ ಕೊಡಬೇಕಾದವನು ಗಂಡಿನ ಕಡೆಯವನು. ಅದಕ್ಕೆ ತೆರ ಎಂಬ ಹೆಸರೂ ಇತ್ತು. ಹಣದ ದಿಕ್ಕು ಆಮೇಲೆ ತಿರುಗಿತು. ಹುಡುಗಿಯನ್ನು ಕೇಳದೆಯೇ ಲೆಕ್ಕಾಚಾರ ಮುಗಿಸುವ ಪದ್ಧತಿ ಮಾತ್ರ ಹಾಗೆಯೇ ಉಳಿಯಿತು.

ಅದೇ 1887ರಲ್ಲಿ ಮುಂಬಯಿಯ ಹೈಕೋರ್ಟು ರಖಮಾಬಾಯಿ ಎಂಬ ಯುವತಿಗೆ ಒಂದು ಆದೇಶ ಕೊಟ್ಟಿತು. ಆಕೆಗೆ ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾಗಿತ್ತು. ದೊಡ್ಡವಳಾದಮೇಲೆ, ತಾನು ಒಪ್ಪದ ಮದುವೆ ಇದು, ಗಂಡನ ಮನೆಗೆ ಹೋಗುವುದಿಲ್ಲ ಎಂದಳು. ಗಂಡ ದಾವೆ ಹೂಡಿದ. ಮೊದಲ ನ್ಯಾಯಾಧೀಶರು ಆಕೆಯ ಪರವಾಗಿ ತೀರ್ಪು ಕೊಟ್ಟಿದ್ದರು. ಮತ್ತೆ ವಿಚಾರಣೆ ನಡೆದಾಗ, ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಆರು ತಿಂಗಳು ಸೆರೆಮನೆ ಎಂದಾಯಿತು. ಸೆರೆಮನೆಗೇ ಹೋಗುತ್ತೇನೆ ಎಂದಳು ಆ ಧೀರೆ. ಕೊನೆಗೆ 1888ರಲ್ಲಿ ಹಣ ಕೊಟ್ಟು ರಾಜಿಯಾಯಿತು. ರಖಮಾಬಾಯಿ ಲಂಡನ್ನಿಗೆ ಹೋಗಿ ವೈದ್ಯಕೀಯ ಓದಿ ಬಂದು ಸೂರತ್ ಮತ್ತು ರಾಜಕೋಟೆಗಳಲ್ಲಿ ದೀರ್ಘಕಾಲ ಡಾಕ್ಟರಾಗಿ ಸೇವೆ ಸಲ್ಲಿಸಿದರು. ಈ ದೇಶದ ನ್ಯಾಯಾಲಯದಲ್ಲಿ ನಿಂತು "ನನ್ನನ್ನು ಕೇಳಲಿಲ್ಲ" ಎಂದು ಹೇಳಿದ ಮೊದಲ ಹೆಣ್ಣುಮಕ್ಕಳಲ್ಲಿ ಅವರೊಬ್ಬರು.

ಅದೇ ವರ್ಷ ನಂಜನಗೂಡಿನಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಆ ಮಗುವಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

1889ರಲ್ಲಿ ಕಲ್ಕತ್ತೆಯಲ್ಲಿ ಫೂಲ್‌ಮಣಿ ಎಂಬ ಸುಮಾರು ಹನ್ನೊಂದು ವರ್ಷದ ಬಾಲಕಿ ಗಂಡನ ಸಂಪರ್ಕದಿಂದಲೇ ಸತ್ತಳು. ಗಂಡ ಆಕೆಗಿಂತ ಬಹಳ ದೊಡ್ಡವನು. ಅಂದಿನ ದಂಡಸಂಹಿತೆಯಲ್ಲಿ ಇದ್ದ ಮಿತಿ ಹತ್ತು ವರ್ಷ; ಹುಡುಗಿ ಹತ್ತು ದಾಟಿದ್ದಳಾದ್ದರಿಂದ ಅತ್ಯಾಚಾರದ ಅಪರಾಧ ಅವನ ಮೇಲೆ ನಿಲ್ಲಲಿಲ್ಲ. ದೇಶವೆಲ್ಲ ಬೆಚ್ಚಿಬಿದ್ದಿತು. 1891ರಲ್ಲಿ ಬ್ರಿಟಿಷ್ ಸರ್ಕಾರ ಆ ಮಿತಿಯನ್ನು ಹನ್ನೆರಡಕ್ಕೆ ಏರಿಸಿತು. ಅಷ್ಟಕ್ಕೇ ದೊಡ್ಡ ವಿರೋಧ ಎದ್ದಿತು. ನಮ್ಮ ಧರ್ಮದ ವಿಷಯದಲ್ಲಿ ಪರಕೀಯರು ಕೈಹಾಕಕೂಡದು ಎಂದವರಲ್ಲಿ ಲೋಕಮಾನ್ಯ ತಿಲಕರೂ ಇದ್ದರು. ಸ್ವಾತಂತ್ರ್ಯದ ಹೋರಾಟಗಾರರೆಲ್ಲರೂ ಸಮಾಜ ಸುಧಾರಕರಾಗಿದ್ದರು ಎಂದು ಪಠ್ಯಪುಸ್ತಕಗಳು ಕೊಡುವ ಚಿತ್ರ ಅಷ್ಟು ಸರಳವಲ್ಲ.

ಮೈಸೂರು ಸಂಸ್ಥಾನದಲ್ಲಿ ಈ ಆಕ್ಷೇಪಣೆಗೆ ಅಷ್ಟು ಬಲವಿರಲಿಲ್ಲ, ಏಕೆಂದರೆ ಅಲ್ಲಿ ಆಳುತ್ತಿದ್ದವರು ಹಿಂದೂ ಮಹಾರಾಜರು. ಚಾಮರಾಜೇಂದ್ರ ಒಡೆಯರ ಕಾಲ. ದಿವಾನರು ಶೇಷಾದ್ರಿ ಅಯ್ಯರ್. 1881ರಲ್ಲಿ ಸ್ಥಾಪನೆಯಾಗಿದ್ದ ಪ್ರಜಾಪ್ರತಿನಿಧಿ ಸಭೆಯಲ್ಲಿ ಬಾಲ್ಯವಿವಾಹದ ವಿಷಯ ಚರ್ಚೆಗೆ ಬಂದಿತು. ಪರವಾಗಿಯೂ ವಿರೋಧವಾಗಿಯೂ ಮಾತುಗಳಾದವು. ಆ ಸಭೆಯಲ್ಲಿ ಹೆಂಗಸರು ಇರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಕಡೆಗೆ 1894ರಲ್ಲಿ ಶಿಶುವಿವಾಹ ತಡೆಯ ಶಾಸನ ಜಾರಿಗೆ ಬಂದಿತು. ಎಂಟು ವರ್ಷ ತುಂಬದ ಹೆಣ್ಣು ಮಗುವಿಗೆ ಮದುವೆ ಮಾಡುವುದು ಅಪರಾಧವಾಯಿತು. ಐವತ್ತು ಮೀರಿದ ಗಂಡಸು ಹದಿನಾಲ್ಕರ ಒಳಗಿನ ಹುಡುಗಿಯನ್ನು ಮದುವೆಯಾಗುವುದೂ ಅಪರಾಧವಾಯಿತು. ಇಂಥ ಇಗ್ಗಪ್ಪ ಹೆಗ್ಗಡೆಗಳು ಘಟ್ಟದ ಕೆಳಗಷ್ಟೇ ಇರಲಿಲ್ಲ ಎಂಬುದಕ್ಕೆ ಈ ಎರಡನೆಯ ಕಲಮೇ ಸಾಕ್ಷಿ.

ಎಂಟು ವರ್ಷ ಎಂದರೆ ಈಗಿನ ಮೂರನೆಯ ತರಗತಿ. ಈಗ ಓದಿದರೆ ನಗು ಬರಬಹುದು, ಸಿಟ್ಟೂ ಬರಬಹುದು. ಆದರೆ ಅಂದಿನ ಭಾರತದಲ್ಲಿ ಇಷ್ಟನ್ನು ಮಾಡಿದ ಸರ್ಕಾರಗಳೇ ಅಪರೂಪ. ಬರೋಡಾ ಸಂಸ್ಥಾನ ಹನ್ನೆರಡು ವರ್ಷದ ಕಾನೂನು ತಂದದ್ದು 1904ರಲ್ಲಿ. ಮೈಸೂರಿನ ಹೆಗ್ಗಳಿಕೆಗಳನ್ನು ಎಣಿಸುವಾಗ ವಿದ್ಯುತ್ತು, ಅಣೆಕಟ್ಟು, ವಿಶ್ವವಿದ್ಯಾನಿಲಯ ಎನ್ನುವ ನಾವು ಈ ಪುಟ್ಟ ಶಾಸನವನ್ನು ಯಾಕೋ ಮರೆಯುತ್ತೇವೆ.

ಈಗ ನಂಜನಗೂಡಿನ ಆ ಮಗುವಿಗೆ ಬರೋಣ. ಆಕೆಯೇ ತಿರುಮಲಾಂಬ. ಹತ್ತನೆಯ ವಯಸ್ಸಿನಲ್ಲಿ ಆಕೆಗೆ ಮದುವೆಯಾಯಿತು. ಲೆಕ್ಕ ಹಾಕಿ ನೋಡಿ: ಶಾಸನ ಬಂದು ಸುಮಾರು ಮೂರು ವರ್ಷವಾಗಿತ್ತು, ಮದುವೆ ಸಂಪೂರ್ಣ ಕಾನೂನುಬದ್ಧವಾಗಿತ್ತು. ಹದಿನಾಲ್ಕನೆಯ ವಯಸ್ಸಿಗೆ ವೈಧವ್ಯ ಬಂದಿತು. ಅಂದಿನ ವಿಧವೆಗೆ ಸಮಾಜ ತೆರೆದಿಟ್ಟಿದ್ದ ದಾರಿ ಯಾವುದೆಂದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ವನ್ನು ಓದಿದವರಿಗೆ, ಅಥವಾ ಪ್ರೇಮಾ ಕಾರಂತರು 1983ರಲ್ಲಿ ಅದನ್ನು ಚಿತ್ರವಾಗಿಸಿದ್ದನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ತಿರುಮಲಾಂಬ ತಂದೆಯ ಆಸರೆಯಲ್ಲಿ ಮನೆಯಲ್ಲಿಯೇ ಓದಿದರು, ಬರೆದರು. 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆಯನ್ನು ತಾವೇ ಆರಂಭಿಸಿ ಕಾದಂಬರಿಗಳನ್ನು ಪ್ರಕಟಿಸಿದರು. 'ಕರ್ನಾಟಕ ನಂದಿನಿ', 'ಸನ್ಮಾರ್ಗದರ್ಶಿ' ಎಂಬ ಪತ್ರಿಕೆಗಳನ್ನು ನಡೆಸಿದರು. ಹೊಸಗನ್ನಡದ ಮೊದಲ ಲೇಖಕಿ, ಮೊದಲ ಸಂಪಾದಕಿ, ಮೊದಲ ಪ್ರಕಾಶಕಿ ಎಂದು ಈಗ ನಾವು ಅವರನ್ನು ಗೌರವದಿಂದ ಹೇಳುತ್ತೇವೆ. ಅವರು ಬದುಕಿದ್ದಾಗಲೇ ಕನ್ನಡ ಲೋಕ ದಶಕಗಳ ಕಾಲ ಅವರನ್ನು ಮರೆತಿತ್ತು ಎಂಬುದು ಬೇರೆ ಮಾತು. ಅವರು ತೀರಿಕೊಂಡದ್ದು 1982ರಲ್ಲಿ. ಮದುವೆಯ ವಯಸ್ಸು ಎಂಟರಿಂದ ಹದಿನೆಂಟಕ್ಕೆ ಏರಿದ್ದು ಈ ಒಂದು ಜೀವಮಾನದ ಒಳಗೇ ನಡೆಯಿತು.

ಆ ಏರಿಕೆ ಹೇಗಾಯಿತು? 1929ರಲ್ಲಿ ಅಜ್ಮೀರಿನ ಹರಬಿಲಾಸ ಸಾರ್ದಾ ಅವರು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ್ದ ಮಸೂದೆ ಕಾನೂನಾಯಿತು. ನಮ್ಮವರು ಅದನ್ನು ಶಾರದಾ ಕಾಯಿದೆ ಎಂದು ಕರೆದರು. ಶಾರದಾದೇವಿಯ ಹೆಸರಿನ ಕಾಯಿದೆಯೆಂದು ತಿಳಿದವರು ಈಗಲೂ ಇದ್ದಾರೆ. ಹುಡುಗಿಗೆ 14, ಹುಡುಗನಿಗೆ 18 ಎಂದು ಅದು ನಿಗದಿಮಾಡಿತು. ಈ ಬಾರಿ ಒಂದು ಹೊಸ ಸಂಗತಿ ನಡೆಯಿತು. ಮೋರೋಪಂತ ಜೋಶಿಯವರ ಅಧ್ಯಕ್ಷತೆಯ ಸಮಿತಿ ದೇಶವನ್ನು ಸುತ್ತಿ ಸಾಕ್ಷ್ಯ ಕೇಳಿದಾಗ ಹೆಂಗಸರೂ ಬಂದು ಮಾತನಾಡಿದರು. 1927ರಲ್ಲಿ ಆರಂಭವಾಗಿದ್ದ ಅಖಿಲ ಭಾರತ ಮಹಿಳಾ ಸಮ್ಮೇಳನ ಒತ್ತಾಯ ತಂದಿತು. ಮದರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಗಟ್ಟಿಯಾಗಿ ವಾದಿಸಿದರು. ಎಳೆಯ ತಾಯಂದಿರ ಸಾವನ್ನು ಕಣ್ಣಾರೆ ಕಂಡ ವೈದ್ಯೆ ಅವರು.

ಕಾಯಿದೆ ಅಂಗೀಕಾರವಾದದ್ದು ಸೆಪ್ಟೆಂಬರಿನಲ್ಲಿ. ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ನಡುವಿನ ಆರು ತಿಂಗಳಲ್ಲಿ ಏನಾಯಿತೆಂದು ಊಹಿಸಬಲ್ಲಿರಾ? ಕಾನೂನು ಬರುವ ಮುಂಚೆ ಮುಗಿಸಿಬಿಡೋಣ ಎಂದು ದೇಶದ ಉದ್ದಗಲಕ್ಕೂ ಮಕ್ಕಳಿಗೆ ತರಾತುರಿಯಲ್ಲಿ ತಾಳಿ ಕಟ್ಟಿಸಿದರು. 1931ರ ಜನಗಣತಿಯಲ್ಲಿ ಮದುವೆಯಾದ ಮಕ್ಕಳ ಸಂಖ್ಯೆ ಕಡಿಮೆಯಾಗುವ ಬದಲು ಏರಿತ್ತು. ಕಾಯಿದೆಯ ಒಳಗೂ ತೊಡಕುಗಳಿದ್ದವು. ನಡೆದುಹೋದ ಮದುವೆ ಮಾನ್ಯವಾಗಿಯೇ ಉಳಿಯುತ್ತಿತ್ತು. ಪೊಲೀಸರು ತಾವಾಗಿ ಕ್ರಮ ಕೈಗೊಳ್ಳುವಂತಿರಲಿಲ್ಲ. ಇನ್ನು ಕನ್ನಡಿಗರು ಆಗ ಹಲವು ಸರ್ಕಾರಗಳ ಕೆಳಗೆ ಹರಿದುಹಂಚಿದ್ದರು. ಧಾರವಾಡ, ಬಿಜಾಪುರಗಳಿಗೂ ಮಂಗಳೂರು, ಬಳ್ಳಾರಿಗಳಿಗೂ ಬ್ರಿಟಿಷ್ ಇಂಡಿಯಾದ ಕಾನೂನು. ಗುಲಬರ್ಗ, ರಾಯಚೂರು, ಬೀದರಿನವರು ನಿಜಾಮನ ಪ್ರಜೆಗಳು. ಮೈಸೂರಿನದು ಬೇರೆಯೇ ದಾರಿ. ಮದುವೆಯ ವಿಷಯದಲ್ಲಿ ಇಂದಿಗೂ ಕರ್ನಾಟಕದ ಭಾಗಗಳ ನಡುವೆ ಕಾಣುವ ಅಂತರವನ್ನು ಅರಿಯಲು ಈ ಹಳೆಯ ಗಡಿಗಳನ್ನೂ ಸ್ವಲ್ಪ ನೆನಪಿಡಬೇಕು. ಆ ಗಡಿಗಳೊಂದಿಗೆ ಶಾಲೆಗಳೂ ರಸ್ತೆಗಳೂ ಆಸ್ಪತ್ರೆಗಳೂ ಬೇರೆಬೇರೆಯಾಗಿದ್ದವು.

ಸ್ವಾತಂತ್ರ್ಯಾನಂತರ 1949ರಲ್ಲಿ ಹುಡುಗಿಯ ವಯಸ್ಸು 15 ಆಯಿತು. 1978ರಲ್ಲಿ ಹುಡುಗಿಗೆ 18, ಹುಡುಗನಿಗೆ 21. ಈ ಕೊನೆಯ ಏರಿಕೆಗೆ ಮುಖ್ಯ ಪ್ರೇರಣೆ ಏನಿತ್ತೆಂದು ನೋಡಿದರೆ ಕುತೂಹಲವಾಗುತ್ತದೆ. 1976ರ ರಾಷ್ಟ್ರೀಯ ಜನಸಂಖ್ಯಾ ನೀತಿಯಲ್ಲೇ ಈ ವಯಸ್ಸುಗಳ ಶಿಫಾರಸು ಇತ್ತು. ಮದುವೆ ತಡವಾದರೆ ಮಕ್ಕಳು ಕಡಿಮೆ ಎಂಬುದು ಲೆಕ್ಕ. ಬಾಲವಿಧವೆಯರ ಸಂಕಟ, ದೇಶದ ಮಾನ, ತಾಯಂದಿರ ಸಾವು, ಜನಸಂಖ್ಯೆ: ಪ್ರತಿ ಸಲವೂ ಕಾರಣ ಒಳ್ಳೆಯದೇ. ಆದರೆ ಪ್ರತಿ ಸಲವೂ ಹಿರಿಯರು ಹುಡುಗಿಯ ಪರವಾಗಿ ಯೋಚಿಸಿದರು. ಹುಡುಗಿ ಓದಬೇಕೆಂದಿದ್ದಾಳೆಯೇ, ಈ ವರನನ್ನು ಒಪ್ಪಿದ್ದಾಳೆಯೇ ಎಂಬುದು ಕಾನೂನಿನ ವಿಷಯವಾಗಲಿಲ್ಲ.

ಹಾಗಾದರೆ ನಿಜವಾಗಿ ಮದುವೆಯ ವಯಸ್ಸನ್ನು ಮೇಲೆತ್ತಿದ್ದು ಯಾವುದು? ನನ್ನ ಅಭಿಪ್ರಾಯ ಕೇಳುವುದಾದರೆ, ನಡೆದು ಹೋಗುವಷ್ಟು ಹತ್ತಿರದಲ್ಲಿದ್ದ ಪ್ರೌಢಶಾಲೆ. ಮೈಸೂರಿನಲ್ಲಿ 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರು ಹೆಣ್ಣುಮಕ್ಕಳ ಶಾಲೆ ಆರಂಭಿಸಿದಾಗ ಅವರಿಗೆ ಎದುರಾದ ದೊಡ್ಡ ಅಡಚಣೆ ಮದುವೆಯೇ. ಹುಡುಗಿಯರು ಓದು ಹತ್ತುವ ಹೊತ್ತಿಗೆ ಶಾಲೆ ಬಿಡುತ್ತಿದ್ದರು. ಅದೇ ಶಾಲೆ ಮಹಾರಾಣಿ ಕಾಲೇಜಾಗಿ ಬೆಳೆದು ಪದವೀಧರೆಯರನ್ನು ಕೊಟ್ಟಿತು. ನಮ್ಮ ಕಾಲಕ್ಕೆ ಬಂದರೆ, 1989ರಲ್ಲಿ ಆರಂಭವಾದ ಮಹಿಳಾ ಸಮಾಖ್ಯಾದ ಸಂಘಗಳು ಬೀದರ, ಬಿಜಾಪುರಗಳಂಥ ಜಿಲ್ಲೆಗಳ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಓದನ್ನೂ ಮದುವೆಯನ್ನೂ ಒಟ್ಟಿಗೆ ಚರ್ಚೆಗೆ ತಂದವು. 2002–03ರ ಅಕ್ಷರ ದಾಸೋಹದ ಬಿಸಿಯೂಟ, 2006–07ರಿಂದ ಹಲವು ವರ್ಷ ಎಂಟನೆಯ ತರಗತಿಯವರಿಗೆ ಕೊಟ್ಟ ಸೈಕಲ್ಲು, ಹಾಸ್ಟೆಲ್ಲುಗಳು, ಬಸ್ ಪಾಸು — ಇವುಗಳನ್ನು ಬಾಲ್ಯವಿವಾಹ ತಡೆಯುವ ಯೋಜನೆಗಳೆಂದು ಯಾರೂ ಕರೆಯಲಿಲ್ಲ. ಆದರೆ ಶಾಲೆಗೆ ಹೋಗುತ್ತಿರುವ ಹುಡುಗಿಯನ್ನು ಹಸೆಮಣೆಗೆ ಎಳೆಯುವುದು ಕಷ್ಟ. ಏಳನೆಯ ತರಗತಿಗೆ ಮನೆಯಲ್ಲಿ ಕುಳಿತವಳ ವಿಷಯದಲ್ಲಿ ಬಂಧುಗಳು ಬಾಯಿ ಹಾಕಲು ತಡವಿಲ್ಲ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಬಾಲ್ಯವಿವಾಹದ ದೂರುಗಳು ಹೆಚ್ಚಿದ್ದನ್ನು ನಾವೆಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇವೆ.

ಅಂಕಿಅಂಶ ಹೀಗಿದೆ. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 20ರಿಂದ 24 ವರ್ಷದ ಹೆಂಗಸರಲ್ಲಿ ಶೇಕಡಾ 47ರಷ್ಟು ಮಂದಿಗೆ ಹದಿನೆಂಟರೊಳಗೆ ಮದುವೆಯಾಗಿತ್ತು. 2019–21ರ ಸಮೀಕ್ಷೆಯಲ್ಲಿ ಅದು ಶೇಕಡಾ 23ಕ್ಕೆ ಇಳಿಯಿತು. ಕರ್ನಾಟಕದ ಸಂಖ್ಯೆ ಶೇಕಡಾ 21.3. ಐವರಲ್ಲಿ ಒಬ್ಬಳಿಗಿಂತ ಹೆಚ್ಚು ಎಂದಾಯಿತು. ಅದಕ್ಕೂ ಹಿಂದಿನ, 2015–16ರ ಸಮೀಕ್ಷೆಯಲ್ಲೂ ನಮ್ಮ ರಾಜ್ಯದ ಸಂಖ್ಯೆ ಹೆಚ್ಚುಕಡಿಮೆ ಇಷ್ಟೇ ಇತ್ತು. ಅಂದರೆ ಇಳಿಯುತ್ತಿದ್ದದ್ದು ನಿಂತುಬಿಟ್ಟಿದೆ. ಕರಾವಳಿ, ಕೊಡಗುಗಳಲ್ಲಿ ಬಹಳ ಕಡಿಮೆ. ವಿಜಯಪುರ, ಕಲಬುರಗಿ, ಯಾದಗಿರಿಗಳ ಕಡೆ ಹೆಚ್ಚು.

ಉತ್ತರದ ಜಿಲ್ಲೆಗಳಲ್ಲಿ ಕಾರಣಗಳು ಹಲವು. ಸುಗ್ಗಿ ಮುಗಿದಮೇಲೆ ಪುಣೆ, ಗೋವಾ, ಬೆಂಗಳೂರಿಗೆ ದುಡಿಯಲು ಹೊರಡುವ ತಂದೆತಾಯಿಗೆ ಬೆಳೆದ ಮಗಳನ್ನು ಎಲ್ಲಿ ಬಿಡಬೇಕೆಂಬ ಚಿಂತೆ. ಹುಡುಗಿಗೆ ವಯಸ್ಸಾದಷ್ಟೂ ವರದಕ್ಷಿಣೆ ಏರುತ್ತದೆಂಬ ಭಯ. ಸೋದರಮಾವನಿಗೇ ಎಂದು ತೊಟ್ಟಿಲಲ್ಲೇ ಆದ ಮಾತು. ಅಕ್ಕನ ಮದುವೆಯ ಹಂದರದಲ್ಲೇ ತಂಗಿಯದನ್ನೂ ಮುಗಿಸಿದರೆ ಖರ್ಚು ಉಳಿಯಿತೆಂಬ ಲೆಕ್ಕ. ಇವೆಲ್ಲಕ್ಕಿಂತ ಈಗ ಹೆಚ್ಚು ಕೇಳಿಬರುವ ಮಾತು ಇನ್ನೊಂದಿದೆ: "ಓಡಿ ಹೋದರೆ ಏನು ಮಾಡೋದು?"

ಈ ಮಾತಿನಲ್ಲೇ ಇಂದಿನ ಗಂಟು ಇದೆ. ಇಲ್ಲಿ ಯುವ ಓದುಗರು ಸ್ವಲ್ಪ ನಿಧಾನಿಸಿ ಓದಬೇಕೆಂದು ಕೋರುತ್ತೇನೆ.

2006ರ ಬಾಲ್ಯವಿವಾಹ ನಿಷೇಧ ಕಾಯಿದೆ 2007ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಹುಡುಗಿಯನ್ನು ಮದುವೆಯಾದ ವಯಸ್ಕ ಗಂಡಸಿಗೂ, ಮದುವೆ ಮಾಡಿಸಿದವರಿಗೂ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ ಉಂಟು. ನಮ್ಮ ರಾಜ್ಯದಲ್ಲಿ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಆಮೇಲೆ 2016ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧುವಾಯಿತು. ಕೇಂದ್ರದ ಕಾಯಿದೆಯಲ್ಲಿ ಅಂಥ ಮದುವೆಯನ್ನು ರದ್ದುಮಾಡಿಸಿಕೊಳ್ಳಲು ಹುಡುಗಿಯೇ ಪ್ರಾಪ್ತ ವಯಸ್ಸಿಗೆ ಬಂದ ಎರಡು ವರ್ಷದೊಳಗೆ ನ್ಯಾಯಾಲಯಕ್ಕೆ ಹೋಗಬೇಕಾಗಿತ್ತು. ಕರ್ನಾಟಕದ ಹೆಜ್ಜೆ ದೊಡ್ಡದು. ಆದರೆ ಮದುವೆಯೇ ಇಲ್ಲವೆಂದಮೇಲೆ, ಕೈಯಲ್ಲಿ ಕೂಸಿರುವ ಹದಿನೇಳರ ಹುಡುಗಿ ಮರುದಿನ ಯಾರ ಮನೆಗೆ ಹೋಗಬೇಕು ಎಂಬುದಕ್ಕೆ ಹಳ್ಳಿಯಲ್ಲಿ ಉತ್ತರ ಸುಲಭವಲ್ಲ.

ಇದರ ಜೊತೆಗೆ ಇನ್ನೊಂದು ಕಾನೂನು ಬಂದಿತು. ದೇಹ ಸಂಬಂಧಕ್ಕೆ ಸಮ್ಮತಿಯ ವಯಸ್ಸು 1860ರಲ್ಲಿ 10, 1891ರಲ್ಲಿ 12, 1925ರಲ್ಲಿ 14, 1940ರ ದಶಕದಲ್ಲಿ 16 ಎಂದು ಏರುತ್ತಾ ಬಂದಿದ್ದುದು 2012ರ ಪೋಕ್ಸೊ ಕಾಯಿದೆಯಿಂದ 18 ಆಯಿತು. ಮದುವೆಯಾದ ಹುಡುಗಿಗೆ ಮಾತ್ರ 15 ಎಂದು ಉಳಿದಿದ್ದ ವಿನಾಯಿತಿಯನ್ನು ಸುಪ್ರೀಂ ಕೋರ್ಟು 2017ರ ಅಕ್ಟೋಬರ್ 11ರ ತೀರ್ಪಿನಲ್ಲಿ ತೆಗೆದುಹಾಕಿತು. ಫೂಲ್‌ಮಣಿಯ ಸಾವಿನಿಂದ ಇಲ್ಲಿಗೆ ತಲುಪಲು 128 ವರ್ಷ ಬೇಕಾಯಿತು.

ಮಕ್ಕಳ ಮೇಲೆ ದೌರ್ಜನ್ಯ ಮಾಡುವವರಿಗೆ ಈ ಕಾಯಿದೆ ಬೇಕೇ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಹದಿನೇಳರ ಹುಡುಗಿಯೂ ಹತ್ತೊಂಬತ್ತರ ಹುಡುಗನೂ ಪ್ರೀತಿಸಿ ಊರು ಬಿಟ್ಟರೆ, ಹುಡುಗ ಬೇರೆ ಜಾತಿಯವನಾದರೆ, ಹುಡುಗಿಯ ಮನೆಯವರು ಮೊದಲು ಹೋಗುವುದು ಠಾಣೆಗೆ. ಹುಡುಗನ ಮೇಲೆ ಪೋಕ್ಸೊ. ಅದೇ ಮನೆಯವರು ಅದೇ ಹುಡುಗಿಯನ್ನು ಹದಿನಾರಕ್ಕೇ ತಮ್ಮ ನೆಂಟರ ಹುಡುಗನಿಗೆ ಕೊಟ್ಟಿದ್ದರೆ ಊರಿನಲ್ಲಿ ಯಾರೂ ಠಾಣೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಕಾನೂನು ಮಗುವಿನ ರಕ್ಷಣೆಗೆ ಬಂದದ್ದು. ಎಷ್ಟೋ ಕಡೆ ಅದು ಮಗಳ ಆಯ್ಕೆಯನ್ನು ತಡೆಯುವ ದೊಣ್ಣೆಯಾಗಿದೆ.

ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ 2022ರ ನವೆಂಬರಿನಲ್ಲಿ ಇಂಥದೇ ಒಂದು ಪ್ರಕರಣ ಬಂದಿತು. ಹುಡುಗಿ ಹದಿನೇಳರಲ್ಲಿ ಪ್ರೀತಿಸಿ ಹೋದವಳು. ಪ್ರಕರಣ ಮೇಲ್ಮನವಿಗೆ ಬರುವ ಹೊತ್ತಿಗೆ ಅದೇ ಹುಡುಗನೊಂದಿಗೆ ಮದುವೆಯಾಗಿ ಮಕ್ಕಳಾಗಿದ್ದವು. ಹುಡುಗನ ಬಿಡುಗಡೆಯನ್ನು ಎತ್ತಿಹಿಡಿದ ನ್ಯಾಯಾಲಯ, ಹದಿನಾರು ದಾಟಿದವರ ವಿಷಯದಲ್ಲಿ ಸಮ್ಮತಿಯ ವಯಸ್ಸನ್ನು ಕಾನೂನು ಆಯೋಗ ಮರುಪರಿಶೀಲಿಸಬೇಕೆಂದು ಹೇಳಿತು. ಒಂಬತ್ತನೆಯ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನಿನ ತಿಳಿವಳಿಕೆ ಕೊಡಬೇಕೆಂದೂ ಸೂಚಿಸಿತು. ಕಾನೂನು ಆಯೋಗ 2023ರ ಸೆಪ್ಟೆಂಬರಿನ ತನ್ನ 283ನೆಯ ವರದಿಯಲ್ಲಿ ವಯಸ್ಸನ್ನು ಇಳಿಸುವುದು ಬೇಡವೆಂದಿತು. ಇಳಿಸಿದರೆ ಬಾಲ್ಯವಿವಾಹಕ್ಕೂ ಮಕ್ಕಳ ಸಾಗಾಣಿಕೆಗೂ ದಾರಿಯಾದೀತೆಂಬುದು ಅದರ ಆತಂಕ. ಆದರೆ ಹದಿನಾರರಿಂದ ಹದಿನೆಂಟರ ನಡುವಿನವರು ಮನಃಪೂರ್ವಕ ಒಪ್ಪಿದ್ದ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯದಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದು ಸಲಹೆ ಮಾಡಿತು. ಎರಡು ಕಡೆಯ ವಾದದಲ್ಲಿಯೂ ಹುರುಳಿದೆ. ನನಗೆ ಆಯೋಗದ ಮಧ್ಯಮಾರ್ಗವೇ ಸರಿಯೆನಿಸುತ್ತದೆ.

ಈ ನಡುವೆ ಹುಡುಗಿಯ ಮದುವೆಯ ವಯಸ್ಸನ್ನೂ 21ಕ್ಕೆ ಏರಿಸುವ ಮಸೂದೆ 2021ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದು, ಸ್ಥಾಯಿ ಸಮಿತಿಗೆ ಹೋಗಿ, 2024ರಲ್ಲಿ ಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಗಂಡು ಹೆಣ್ಣಿಗೆ ಸಮಾನ ವಯಸ್ಸು ಎಂಬ ತತ್ವ ಒಪ್ಪತಕ್ಕದ್ದೇ. ಆದರೆ ಹದಿನೆಂಟನ್ನೇ ಇನ್ನೂ ಪಾಲಿಸಲಾಗದ ಸಮಾಜದಲ್ಲಿ, ಹದಿನೆಂಟಕ್ಕೆ ಮತ ಹಾಕಬಲ್ಲ ಯುವತಿ ತಾನು ಒಪ್ಪಿದವನನ್ನು ಮದುವೆಯಾಗಲು ಇನ್ನೂ ಮೂರು ವರ್ಷ ತಂದೆಯ ಮರ್ಜಿಯಲ್ಲಿರಬೇಕೇ ಎಂದು ಯುವತಿಯರೇ ಕೇಳಿದರು. ಈ ಚರ್ಚೆಯಲ್ಲಿ ಅವರ ಧ್ವನಿ ಕೇಳಿಬಂದದ್ದು ಸಣ್ಣ ಸಂಗತಿಯಲ್ಲ.

ಆ ಧ್ವನಿ ಹಳ್ಳಿಯಿಂದಲೂ ಬರತೊಡಗಿದೆ. 1996ರಲ್ಲಿ ಮುಂಬಯಿಯಲ್ಲಿ ಮಕ್ಕಳಿಗಾಗಿ ಆರಂಭವಾದ ಸಹಾಯವಾಣಿ ಈಗ ದೇಶಕ್ಕೆಲ್ಲ ವ್ಯಾಪಿಸಿದೆ. ಅದರ ಸಂಖ್ಯೆ 1098; ಕರೆಗೆ ಹಣವಿಲ್ಲ; ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಮದುವೆ ನಿಂತ ಸುದ್ದಿಗಳನ್ನು ಗಮನವಿಟ್ಟು ಓದಿದರೆ, ಎಷ್ಟೋ ಸಲ ಕರೆ ಮಾಡಿದವರು ಶಾಲೆಯ ಗೆಳತಿಯರು, ಕೆಲವೊಮ್ಮೆ ಮದುಮಗಳೇ. ಕರೆ ಮಾಡಿದವರ ಹೆಸರು ಹೇಳಬೇಕೆಂದಿಲ್ಲ. ಮದುವೆ ನಿಶ್ಚಯವಾಗಿದೆಯೆಂದು ತಿಳಿದರೆ ಮುಂಚಿತವಾಗಿಯೇ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಲು ಕಾಯಿದೆಯ 13ನೆಯ ಕಲಮಿನಲ್ಲಿ ಅವಕಾಶವಿದೆ. ದೂರನ್ನು ಬಾಲ್ಯವಿವಾಹ ನಿಷೇಧಾಧಿಕಾರಿಗೆ ಕೊಡಬಹುದು, ಸ್ವಯಂಸೇವಾ ಸಂಸ್ಥೆಯ ಮೂಲಕವೂ ಕೊಡಬಹುದು. ನೀವು ಶಿಕ್ಷಕರಾಗಿದ್ದರೆ, ಬೇಸಿಗೆ ರಜೆ ಮುಗಿದು ಜೂನಿನಲ್ಲಿ ಶಾಲೆ ತೆರೆದ ಮೊದಲ ವಾರ ಹಾಜರಿ ಪುಸ್ತಕದಲ್ಲಿ ಎಂಟು, ಒಂಬತ್ತು, ಹತ್ತನೆಯ ತರಗತಿಯ ಯಾವ ಹುಡುಗಿಯ ಹೆಸರಿನ ಮುಂದೆ ಗುರುತು ಬಿದ್ದಿಲ್ಲವೆಂದು ನೋಡಿ, ಅದೇ ವಾರ ಅವಳ ಮನೆಗೆ ಹೋಗಿ ಬನ್ನಿ.